ಹುಸೇನಪ್ಪ ಅಂದರೆ ಚೆಲುವ

"ಹೆಸರು ಬದಲಿ ಮಾಡ್ಬೇಕ್ರೀ... ಲಗೂನ!"

ಕಲಬುರಗಿಯ ನೋಟರಿ ಆಫೀಸೊಂದರಲ್ಲಿ ಅಫಿಡವಿಟ್ ಟೈಪ್ ಮಾಡುವ ಸುಜಾತಾ ತಲೆ ಎತ್ತಿದಳು. ಎದುರಿಗೆ ಎತ್ತರದ ಹುಡುಗ. ಆಧಾರ್ ಕಾರ್ಡ್ ಚಾಚಿದ್ದ, ಹೆಸರಿನ ಮೇಲೆ ಹೆಬ್ಬೆರಳು ಒತ್ತಿಕೊಂಡೇ.

"ಬಟ್ಟು ತೆಗೀರಿ, ಓದ್ಬೇಕಲ್ಲ!"

ಹುಸೇನಪ್ಪ ಮಾಪಣ್ಣ, ಕಮಲಾಪುರ.

"ಹೊಸ ಹೆಸರು?"

"ಕಪಿಲ."

"ಕಾರಣ ಬರೀಬೇಕ್ರೀ."

"ಸೇಡಂ ರಸ್ತೆದಾಗ ರೂಮ್ ಕೇಳಿದ್ರ, ಹೆಸರು ಕೇಳಿ ಇಲ್ಲ ಅಂದ್ರು. ಕನ್ಯಾ ನೋಡಾಕ ಹೋದಲ್ಲಿ, ಹಿಂದೂ ಹುಡುಗಗ ಹುಸೇನ ಅಂತ ಹೆಸರೇನ ಅಂತ ಮುಖದ ಮುಂದೇ ನಕ್ರು. ಸಾಕಾಗ್ಯದ್ರೀ..."

ಕಾರಣ ಕೇಳುವುದು ಅವಳ ದಿನದ ಕೆಲಸ. ಕೇಳಿದ ಮೇಲೆ ತನ್ನ ಫೋನ್ ನಂಬರ್ ಬರೆದುಕೊಟ್ಟದ್ದು ಮಾತ್ರ ಅವತ್ತೇ ಮೊದಲು!

ಕಾಗದಪತ್ರದ ನೆಪದಲ್ಲಿ ಶುರುವಾದ ಫೋನು, ಕಾಗದ ಮರೆತು 'ಊಟ ಆಯ್ತೇನ?' ಅನ್ನುವವರೆಗೆ ಬಂತು. ಇಬ್ಬರಿಗೂ ಗೊತ್ತಾಗಿತ್ತು, ಬಾಯಿ ಬಿಡಬೇಕಿತ್ತಷ್ಟೇ.

"ಹೆಸರು ಬದಲಾದ ದಿನಾನೇ ಗಾಜಿಪುರದ ನಿಮ್ಮ ಮನಿಗೆ ಬಂದು, ನಿನ್ನ ಕೊಡ್ರಿ ಅಂತ ನಿಮ್ಮಪ್ಪನ್ನ ಕೇಳ್ತೀನಿ," ಎಂದ ಅವನೇ.

ಮರುದಿನ ಅವನ ತಾಯಿ ಭೀಮಬಾಯಿ ಒಬ್ಬಳೇ ಆಫೀಸಿಗೆ ಬಂದಳು.

"ಯವ್ವಾ, ಮೂರು ಕೂಸು ಮಣ್ಣಾಗಿಟ್ಟೀನಿ. ಈ ಕೂಸು ಉಳದ್ರ ನಿನ್ನ ಹೆಸರೇ ಇಡ್ತೀನಿ ಅಂತ ಮೊಹರಂದಾಗ ಹುಸೇನ್ ಪೀರದೇವರ ಮುಂದ ಸೆರಗೊಡ್ಡಿದ್ದೆ. ಉಳದ. ಈಗ ಆ ಹೆಸರು ತೆಗದ್ರ... ನನಗ ಅಂಜಿಕಿ ಬರ್ತದ. ನಾ ಬಂದಿದ್ದು ಅವಗ ಹೇಳಬ್ಯಾಡ."

ಹೇಳುವುದಿಲ್ಲವೆಂದು ಮಾತು ಕೊಟ್ಟು ಕಳಿಸಿದ ಸುಜಾತಾ, ಅಫಿಡವಿಟ್ಟಿನ ಕಾಗದ ಬದಿಗಿಟ್ಟಳು.

"ಜೀನತ್, ಹುಸೇನ್ ಅಂದ್ರೇನ?" ಎಂದು ಪಕ್ಕದ ಝೆರಾಕ್ಸ್ ಅಂಗಡಿಯ ಗೆಳತಿಯನ್ನು ಕೇಳಿದಳು.

"ಅರಬ್ಬಿ ಹೆಸರದು. ಹಸನ್ ಅಂದ್ರ ಚೆಲುವ, ಒಳ್ಳೇವ. ಅದನ್ನೇ ಮುದ್ದು ಮಾಡಿ ಕರದ್ರ ಹುಸೇನ್. ಪುಟ್ಟ ಚೆಲುವ ಅಂದಂಗ. ಪೈಗಂಬರರ ಮೊಮ್ಮಗನ ಹೆಸರು."

ಆ ಮುದ್ದಿಗೆ ನಮ್ಮ ಕಡೆಯ ತಾಯಂದಿರು 'ಅಪ್ಪ' ಎಂದು ಸೇರಿಸಿ ತೊಟ್ಟಿಲಲ್ಲಿ ತೂಗಿದ್ದಾರೆ. ನಗುವವರಿಗೆ ಇದೇನು ಗೊತ್ತು!

ಎರಡು ವಾರವಾದರೂ ಅಫಿಡವಿಟ್ ತಯಾರಾಗಲಿಲ್ಲ. ಹುಸೇನಪ್ಪ ಫೋನಿನಲ್ಲಿ ಸಿಡುಕಿದ.

"ನಿಮ್ಮಪ್ಪನ್ನ ಕೇಳೋದು ನಿನಗ ಬ್ಯಾಡಾಗ್ಯದ. ಅದಕ್ಕ ತಡಾ ಮಾಡಾಕತ್ತಿ. ನಿನಗೂ ನನ್ನ ಹೆಸರಂದ್ರ ನಾಚಿಕಿ, ಅಲ್ಲ?"

ಫೋನ್ ಕಟ್ಟಾಯಿತು. ಮೂರು ದಿನ ಅವನು ಎತ್ತಲಿಲ್ಲ. 'ಹೇಳಿದರೆ ಆ ತಾಯಿಗೆ ಕೊಟ್ಟ ಮಾತು ಹೋಗುತ್ತದೆ, ಹೇಳದಿದ್ದರೆ ಇವನೇ ಹೋಗುತ್ತಾನೆ...' ಸುಜಾತಾ ಅತ್ತಳು. ನಾಲ್ಕನೆಯ ದಿನ ಕಮಲಾಪುರದ ಬಸ್ಸು ಹತ್ತಿದಳು.

ಅವನು ಕೆಂಪುಬಾಳೆಯ ತೋಟದಲ್ಲಿದ್ದ. ಅವಳು ಖಾಲಿ ಬಾಂಡ್ ಪೇಪರ್ ಅವನ ಕೈಗಿಟ್ಟಳು.

"ಟೈಪ್ ಮಾಡಿಲ್ಲ. ಮಾಡೋದೂ ಇಲ್ಲ! ನಿಮ್ಮವ್ವ ಬಂದಿದ್ರು. ಹೇಳಬ್ಯಾಡ ಅಂದಿದ್ರು... ಹೇಳಾಕತ್ತೀನಿ, ತಪ್ಪು ನಂದೇ ಇರಲಿ. ಈ ಹೆಸರು ತೆಗದ್ರ ನಿಮಗೇನರ ಆಗ್ತದಂತ ಅಂಜ್ಯಾರ್ರೀ ಅವರು."

ಅವನು ಬದುವಿನ ಮೇಲೆ ಕೂತು ಕಣ್ಣೊರೆಸಿಕೊಂಡ.

"ನನ್ನ ಮುಂದ ಒಂದ್ ಮಾತೂ ಆಡ್ಲಿಲ್ಲಲ್ಲ ಅವ್ವ..."

"ಹುಸೇನ್ ಅಂದ್ರ ಚೆಲುವ ಅಂತ. ಜೀನತ್ ಹೇಳಿದ್ಲು. ನೀವು ಚೆಲುವ ಅಂತ ನನಗ ನೋಡಿದ ಮೊದಲ್ನೇ ದಿನಾನೇ ಗೊತ್ತಿತ್ತು."

ಅಳುವಿನ ನಡುವೆಯೇ ಅವನಿಗೆ ನಗು ಬಂತು. ಮರುಕ್ಷಣ ಮುಖ ಬಾಡಿತು.

"ಬದಲಿ ಮಾಡಾಂಗಿಲ್ಲ. ಆದ್ರ ನಿಮ್ಮಪ್ಪಗ ಏನಂತ ಹೇಳ್ತಿ, ಸುಜಾತಾ?"

"ಹೇಳೇ ಬಸ್ ಹತ್ತೀನಿ. ಹುಸೇನಪ್ಪನ್ನ ಬಿಟ್ಟು ಯಾರನ್ನೂ ಮಾಡ್ಕೊಳ್ಳೋದಿಲ್ಲ ಅಂತ."

"ಏನಂದ್ರು?"

"ಹೆಸರು ಎರಡು ಸಲ ಕೇಳಿದ್ರು... ಆಮ್ಯಾಲ, 'ಐತವಾರ ಹುಸೇನಪ್ಪಗ ಅವರವ್ವನ್ನ ಕರ್ಕೊಂಡು ಊಟಕ್ಕ ಬರಾಕ ಹೇಳು' ಅಂದ್ರು."