ಕಿವಿಯ ಹಿಂದಿನ ಮಚ್ಚೆ

"ಅಲ್ಲಾಡಬೇಡಿ."

ಕುತ್ತಿಗೆಯ ಹತ್ತಿರವೇ ಯಾರೋ ಅಪರಿಚಿತ ಗಂಡಸಿನ ದನಿ. ಹುಲ್ಲಿನ ಮೇಲೆ ಬಿಳಿ ಬಟ್ಟೆ ಎಳೆಯುತ್ತಿದ್ದ ಅವಳು ನಿಂತಲ್ಲೇ ಕಲ್ಲಾದಳು. ಮರುಕ್ಷಣ ಕಿವಿಯ ಹಿಂದೆ ಚುರುಕ್ಕೆಂದಿತು.

"ಅಯ್ಯೋ! ಅದು ಉಣುಗಲ್ಲ ರೀ, ನನ್ನ ಮಚ್ಚೆ!"

ತಿರುಗಿ ನೋಡಿದರೆ, ಕೈಯಲ್ಲಿ ಚಿಮಟ ಹಿಡಿದು ಮುಖ ಕೆಂಪಾಗಿ ನಿಂತ ಒಬ್ಬ ಯುವಕ. ಅವತ್ತೇ ಕೆಲಸಕ್ಕೆ ಸೇರಿದವನು.

"ಕ್ಷಮಿಸಿ... ಹುಟ್ಟಿದಾಗಿಂದ ಇದೆಯಾ?"

"ಇಲ್ಲ, ನಿಮಗೋಸ್ಕರ ಬೆಳಿಗ್ಗೆ ಅಂಟಿಸ್ಕೊಂಡು ಬಂದೆ."

ಅಂದಿನಿಂದ ಇಡೀ ಪ್ರಯೋಗಾಲಯಕ್ಕೆ ಅವನು 'ಚಿಮಟ'. ಅವಳು ಮೊದಲಿನಿಂದಲೂ 'ಇಲಿರಾಣಿ'. ಇಲಿಗಳಿಂದ, ಅವುಗಳ ರಕ್ತ ಹೀರುವ ಉಣುಗುಗಳಿಂದ ಮನುಷ್ಯರಿಗೆ ಯಾವ ವೈರಸ್ ದಾಟುತ್ತದೆ ಎಂದು ಹುಡುಕುವುದು ಅವರ ಕೆಲಸ. ಹುಲ್ಲಿನ ಮೇಲೆ ಬಟ್ಟೆ ಎಳೆದರೆ ಉಣುಗುಗಳು ಬಂದು ಅಂಟುತ್ತವೆ, ಆರಿಸಿ ಸೀಸೆಗೆ ಹಾಕಬೇಕು. ಕೆಲವು ಉಣುಗುಗಳು ಬಟ್ಟೆ ಬಿಟ್ಟು ಆರಿಸುವವರಿಗೇ ಅಂಟುತ್ತವೆ. ಅದಕ್ಕೇ ಅಲ್ಲೊಂದು ನಿಯಮವಿತ್ತು. ಬಯಲಿನಿಂದ ಬಂದ ಮೇಲೆ ಜೋಡಿಯಲ್ಲಿ ಒಬ್ಬರ ಕೂದಲು, ಕುತ್ತಿಗೆ, ಕಿವಿಯ ಹಿಂಭಾಗವನ್ನು ಇನ್ನೊಬ್ಬರು ಟಾರ್ಚ್ ಹಿಡಿದು ನೋಡಬೇಕು.

ಪ್ರಯೋಗಾಲಯದ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಇವರಿಬ್ಬರನ್ನೇ ಜೋಡಿ ಮಾಡಿದರು.

ಪ್ರೀತಿ ಹುಟ್ಟಲು ಜನ ಎಂಥೆಂಥ ಜಾಗ ಹುಡುಕಿಕೊಂಡು ಹೋಗುತ್ತಾರೆ. ಇವಳಿಗೆ ಮಾತ್ರ ಫಿನಾಯಿಲ್ ವಾಸನೆಯ ಕೋಣೆಯಲ್ಲಿ, ಸ್ಟೂಲಿನ ಮೇಲೆ ತಲೆ ಬಗ್ಗಿಸಿ ಕುಳಿತಾಗ ಹುಟ್ಟಿತು! ಅವನು ಕೂದಲನ್ನು ಎಷ್ಟು ಮೆಲ್ಲಗೆ ಸರಿಸುತ್ತಿದ್ದನೆಂದರೆ, ಅವಳ ದಣಿವೆಲ್ಲ ಇಳಿದುಹೋಗುತ್ತಿತ್ತು.

'ಇನ್ನೂ ಸ್ವಲ್ಪ ಹೊತ್ತು ಹುಡುಕಲಿ ದೇವರೇ...'

ವೈರಸ್ ಸಂಶೋಧಕಿ ಬೇಡಿಕೊಳ್ಳುವ ಮಾತೇ ಅದು? ಆದರೂ ದಿನವೂ ಬೇಡಿಕೊಂಡಳು.

ಹೀಗಿರುವಾಗ ದೊಡ್ಡ ಮೇಡಂ ಒಂದು ದಿನ ಕರೆದರು.

"ನಾಳೆಯಿಂದ ನಿನ್ನ ಜೋಡಿ ಬೇರೆಯವರಮ್ಮ. ಚಿಮಟನೇ ಬದಲಾಯಿಸಿ ಅಂತ ಕೇಳ್ಕೊಂಡ."

"ಯಾಕಂತೆ ಮೇಡಂ?"

"ಅವನು ಬಾಯಿ ಬಿಟ್ರೆ ತಾನೇ ಗೊತ್ತಾಗೋದು?"

ಅವಳು ತನ್ನ ಜಡೆಯನ್ನೇ ಮೂಸಿ ನೋಡಿಕೊಂಡಳು. ಇಲಿಗಳ ನಡುವೆ ಇರುವವಳ ಕೂದಲೆಂದು ಅಸಹ್ಯವಾಯಿತೇ? ವಾಸನೆ ಬರುತ್ತಿತ್ತೇ? ಅಳು ಉಕ್ಕಿ ಬಂತು. ಆ ವಾರ ಮನೆಯ ಬಚ್ಚಲಿಗೆ ಒಂದರ ಹಿಂದೊಂದು ಮೂರು ಶಾಂಪೂ ಬಂದವು.

"ಏನೇ ಇದು? ತಲೆ ಒಂದೇ ತಾನೇ ಇರೋದು?" ಎಂದಳು ಅಮ್ಮ.

"ಇದ್ದಿದ್ದೊಂದೂ ಕೆಟ್ಟಿದೆ ಬಿಡಮ್ಮ."

ಚಿಮಟ ಈಗ ಎದುರಿಗೆ ಸಿಕ್ಕರೂ ತಲೆ ತಗ್ಗಿಸಿ ಹೋಗುತ್ತಿದ್ದ. ಸಭೆಗಳಲ್ಲೂ ಅವಳ ಹಿಂದಿನ ಸಾಲಿಗೆ ಹೋಗಿ ಕೂರುತ್ತಿದ್ದ. ಹೊಸ ಜೋಡಿಯಾಗಿ ಬಂದ ಅಕ್ಕನಿಗೆ ಸದಾ ಬಸ್ಸಿನ ಅವಸರ. ಟಾರ್ಚನ್ನು ಹಾಗೇ ಒಮ್ಮೆ ಹಾಯಿಸಿ, "ಏನಿಲ್ಲ, ನಡಿ" ಎನ್ನುತ್ತಿದ್ದರು.

ಮುಖ ತಪ್ಪಿಸುವವನನ್ನು ದಿನಾ ನೋಡುತ್ತಾ ಇರುವುದು ಇನ್ನು ಅವಳಿಂದಾಗದು. ಪ್ರೀತಿಸಿ ಮಾಡುತ್ತಿದ್ದ ಈ ಕೆಲಸ ಬಿಟ್ಟು, ಬೇರೆ ಊರಿನ ಶಾಖೆಗೆ ಕಳಿಸಿಬಿಡಿ ಎಂದು ದೊಡ್ಡ ಮೇಡಂ ಬಳಿ ಕೇಳುವುದೆಂದು ಗಟ್ಟಿ ಮನಸ್ಸು ಮಾಡಿದಳು. ಮರುದಿನದ ಸಭೆ ಮುಗಿದ ಕೂಡಲೇ.

ಸಭೆಯಲ್ಲಿ ದೊಡ್ಡ ಮೇಡಂ ಪರದೆಯ ಮೇಲೆ ಇಲಿಗಳ ಚಿತ್ರ ತೋರಿಸುತ್ತಿದ್ದರು. 'ಇದು ಮುಗಿದರೆ ನಾನು ಹೊರಟೆ...' ಎಂದುಕೊಂಡಳು ಅವಳು.

"ಅಲ್ಲಾಡಬೇಡಿ."

ಹಿಂದಿನ ಸಾಲಿನಿಂದ ಅದೇ ದನಿ! ಚಿಮಟ ಎದ್ದು ಬಂದಿದ್ದ. ಅವಳ ಕೂದಲು ಸರಿಸಿ, ಚಿಮಟದ ತುದಿಯನ್ನು ಚರ್ಮಕ್ಕೆ ತಾಗಿಸಿ ಹಿಡಿದು, ನೇರವಾಗಿ ಮೆಲ್ಲನೆ ಎಳೆದ. ಸಾಸಿವೆಗಿಂತ ಚಿಕ್ಕದೊಂದು ಉಣುಗು ತುದಿಯಲ್ಲಿ ಕಾಲಾಡಿಸುತ್ತಿತ್ತು. ಅವನು ಅದನ್ನು ಸೀಸೆಗೆ ಹಾಕಿದ.

ಹೊರಗೆ ನಲ್ಲಿಯ ಬಳಿ ಸೋಪಿನಿಂದ ಕಿವಿಯ ಹಿಂದೆ ತೊಳೆದುಕೊಂಡು ಅವಳು ತಿರುಗಿದಳು. ಅವನು ಟವೆಲ್ ಹಿಡಿದು ನಿಂತಿದ್ದ.

"ನನ್ನ ಕಡೆ ನೋಡೋದೇ ಇಲ್ಲ ನೀವು. ಇಷ್ಟು ಚಿಕ್ಕದು ಹೇಗೆ ಕಾಣಿಸ್ತು?"

ಅವನು ಟವೆಲನ್ನು ಅವಳ ಕೈಗಿತ್ತ.

"ಹೇಳಿ."

"ಅಲ್ಲಿ ನಿಮಗೆ ಇರೋದು ಒಂದೇ ಮಚ್ಚೆ," ಎಂದ ಮೆಲ್ಲಗೆ. "ಇವತ್ತು ಎರಡಿತ್ತು."

ಪ್ರತಿ ಸಭೆಯಲ್ಲೂ ಅವನು ತನ್ನ ಹಿಂದಿನ ಸಾಲು ಹಿಡಿದು ಕೂರುತ್ತಿದ್ದುದು ಇದಕ್ಕಾ...

"ಮತ್ತೆ ಜೋಡಿ ಯಾಕೆ ಬಿಟ್ರಿ? ನಾನು ಮೂರು ಶಾಂಪೂ ಬದಲಾಯಿಸಿದೀನಿ, ಗೊತ್ತಾ?"

"ಶಾಂಪೂನಾ?" ಅವನು ಕಕ್ಕಾಬಿಕ್ಕಿಯಾದ. "ಅಯ್ಯೋ, ಅದಲ್ಲ... ನೀವು ನನ್ನ ನಂಬಿ ತಲೆ ಬಗ್ಗಿಸಿ ಕೂರ್ತಿದ್ರಿ. ನಾನು ನೋಡಿ ಮುಗಿದ ಮೇಲೂ ಟಾರ್ಚ್ ಹಿಡ್ಕೊಂಡು ನಿಂತಿರ್ತಿದ್ದೆ. ನಿಯಮದ ನೆಪದಲ್ಲಿ ನಿಮ್ಮ ಕೂದಲು ಮುಟ್ಟೋದು ಮೋಸ ಅನ್ನಿಸ್ತು. ನೀವಂದ್ರೆ ನನಗೆ ಇಷ್ಟ. ತುಂಬಾ ಇಷ್ಟ. ಹೇಳೋಕೆ ಧೈರ್ಯ ಬರ್ಲಿಲ್ಲ, ದೂರ ಹೋದೆ."

ಅವಳ ಕಣ್ಣು ತುಂಬಿತು, ಜೊತೆಗೇ ನಗುವೂ ಬಂತು.

"ಮುಗಿದ ಮೇಲೂ ನಿಂತಿರ್ತಿದ್ದದ್ದು ನನಗೆ ಗೊತ್ತಾಗ್ತಿತ್ತು ಕಣ್ರೀ. ಇನ್ನೂ ಸ್ವಲ್ಪ ಹೊತ್ತು ನಿಲ್ಲಲಿ ಅಂತ ನಾನೇ ದೇವರಿಗೆ ಹೇಳ್ಕೋತಿದ್ದೆ."

ಆ ಉಣುಗನ್ನು ಪರೀಕ್ಷಿಸಿದಾಗ ಯಾವ ವೈರಸ್ಸೂ ಸಿಗಲಿಲ್ಲ. ಬೇರೆ ಶಾಖೆಯ ಮಾತನ್ನು ಅವಳು ಎತ್ತಲೇ ಇಲ್ಲ. "ಒಂದ್ಸಲ ಬದಲಾಯಿಸಿ ಅಂತೀರಿ, ಇನ್ನೊಂದ್ಸಲ ಸೇರಿಸಿ ಅಂತೀರಿ, ನನಗೇನು ಬೇರೆ ಕೆಲಸ ಇಲ್ವಾ?" ಎಂದು ಗದರುತ್ತಲೇ ದೊಡ್ಡ ಮೇಡಂ ಇಬ್ಬರನ್ನೂ ಮತ್ತೆ ಜೋಡಿ ಮಾಡಿದರು.

ಆ ಸಂಜೆ ಅದೇ ಕೋಣೆ, ಅದೇ ಸ್ಟೂಲು. ಅವನು ಎಲ್ಲ ಕಡೆ ನೋಡಿ ಟಾರ್ಚ್ ಆರಿಸಿದ.

"ಮುಗೀತಾ?"

"ಕೆಲಸ ಮುಗೀತು. ಏನೂ ಇಲ್ಲ."

"ಮತ್ತೆ ಯಾಕೆ ನಿಂತಿದೀರಿ?"

"ಈಗ ನನಗೋಸ್ಕರ... ಸ್ವಲ್ಪ ಹೊತ್ತು ನೋಡ್ಲಾ?"

ಅವಳು ಜಡೆಯನ್ನು ತಾನೇ ಮುಂದಕ್ಕೆ ಸರಿಸಿಕೊಂಡಳು.

"ನೋಡಿ. ಆದ್ರೆ ಆ ಚಿಮಟ ಕೆಳಗಿಡಿ."