ಪರದೆಗೆ ಚಳಿಯಾಗುವುದಿಲ್ಲ

ತಂಪುಗಾಳಿಯ ಸ್ವಿಚ್ಚನ್ನು ಮತ್ತೆ ಯಾರೋ ತಿರುಗಿಸಿದ್ದರು. ನಿನ್ನೆ ಸಂಜೆ ‘ಆಟೋ’ದಲ್ಲಿ ಇಟ್ಟು ಹೋಗಿದ್ದು ಈಗ ‘ಮ್ಯಾನ್ಯುವಲ್’ನಲ್ಲಿತ್ತು. ಯಾರೋ ಏನು ಬಂತು, ಎಲ್ಕಿನ್ನೇ.

ಮಾರೆಲ್ವಿಸ್ ಹಲ್ಲು ಕಚ್ಚಿದಳು. ಕಟ್ಟಡದ ಗಾಳಿ, ತಂಪು, ದೀಪಗಳನ್ನೆಲ್ಲ ಕಂಪ್ಯೂಟರಿಗೆ ಒಪ್ಪಿಸಿಕೊಡುವ ಕಂಪನಿಯಲ್ಲಿ ಅವಳಿಗೆ ಕೆಲಸ ಸಿಕ್ಕಿ ಆರು ವಾರ. ಬಾರಂಕಿಯಾ ಊರಿನ ಈ ಹೆರಿಗೆ ಆಸ್ಪತ್ರೆಯೇ ಅವಳ ಮೊದಲ ಸೈಟ್. ಶುಕ್ರವಾರ ಎಲ್ಲ ಸರಿಯಾಗಿ ನಡೆದರೆ ನೌಕರಿ ಕಾಯಂ. ಇವತ್ತು ಬುಧವಾರ.

ಎಲ್ಕಿನ್ ನೆಲಮಾಳಿಗೆಯಲ್ಲಿ ಪಂಪಿನ ಮೇಲೆ ಕಿವಿಯಿಟ್ಟು, ಅದರ ಗುಟ್ಟು ಕೇಳುವವನಂತೆ ಕಣ್ಣು ಮುಚ್ಚಿದ್ದ. ಹತ್ತು ವರ್ಷದಿಂದ ಇಲ್ಲಿನ ಯಂತ್ರಗಳೆಲ್ಲ ಅವನ ಕೈಯಲ್ಲೇ ಇದ್ದವು.

“ಯಾಕೆ ಮುಟ್ಟಿದೆ?”

“ಗುಡ್ ಮಾರ್ನಿಂಗ್, ಇಂಜಿನಿಯರ್ ಮೇಡಂ,” ಎಂದ ಕಣ್ಣು ತೆರೆಯದೆ. “ಕೂಸುಗಳ ಕೋಣೇಲಿ ಚಳಿ.”

“ಕಂಪ್ಯೂಟರ್ ಪರದೇಲಿ ಮೂವತ್ತೊಂದು ಡಿಗ್ರಿ ತೋರಿಸ್ತಿದೆ!”

“ಪರದೆಗೇನು ಚಳಿ ಆಗುತ್ತಾ?”

ಅವನು ನಕ್ಕ. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬಿತ್ತು. ಆ ಗುಳಿಯನ್ನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ರೇಗಿತು. ಇಂಥ ಸಮಯದಲ್ಲಿ ಗುಳಿ ನೋಡ್ತಾರಾ ಯಾರಾದರೂ?

ಮೇಲೆ ಹೋದವಳೇ ಸ್ವಿಚ್ಚನ್ನು ಮತ್ತೆ ‘ಆಟೋ’ಗೆ ತಿರುಗಿಸಿ, ತನ್ನ ಬಾಸ್ ಇಗ್ವಾರಾನ್‌ಗೆ ದೂರು ಬರೆದು ಕಳಿಸಿದಳು. ‘ಇಲ್ಲಿನ ಟೆಕ್ನಿಷಿಯನ್ ಬೇಕೆಂದೇ ಕೆಲಸ ಕೆಡಿಸುತ್ತಿದ್ದಾನೆ.’ ಹತ್ತೇ ನಿಮಿಷದಲ್ಲಿ ಉತ್ತರ ಬಂತು. ‘ಶುಕ್ರವಾರ ಆಡಳಿತದವರ ಮುಂದೆ ಇಡೋಣ. ಅವನನ್ನು ತೆಗೆಸೋಣ.’

ತೆಗೆಸುವುದೇ? ಬೈಯಿಸಬೇಕೆಂದಷ್ಟೇ ಇತ್ತು ಅವಳ ಮನಸ್ಸಿನಲ್ಲಿ. ಕುಳಿತಲ್ಲಿ ಕೂರಲಾಗದೆ ಕೂಸುಗಳ ಕೋಣೆಗೆ ನಡೆದಳು.

ಹೊರಗೆ ಊರು ಬೇಯುತ್ತಿತ್ತು. ಒಳಗೆ ನರ್ಸ್ ಸ್ವೆಟರ್ ಹಾಕಿಕೊಂಡಿದ್ದಳು.

“ಈಗ ತಾನೇ ಬಂದ್ಯಾ ತಾಯಿ?” ನರ್ಸ್ ಒಂದು ಕೂಸಿನ ಕಾಲನ್ನು ಅವಳ ಅಂಗೈಯಲ್ಲಿಟ್ಟಳು. ಹೆಬ್ಬೆರಳಿನಷ್ಟಿದ್ದ ಆ ಪಾದ ತಣ್ಣಗಿತ್ತು. “ನೀನು ಆಟೋ ಮಾಡ್ದಾಗೆಲ್ಲ ಹೀಗೇ. ಆಮೇಲೆ ಎಲ್ಕಿನ್ ಬಂದು ಸರಿ ಮಾಡ್ತಾನೆ.”

ಮಾರೆಲ್ವಿಸ್ ಓಡಿದಳು. ಪ್ಯಾನೆಲ್ ತೆರೆದು ಒಂದೊಂದೇ ವೈರನ್ನು ಹಿಡಿದು ನೋಡುತ್ತ ಹೋದಳು. ಅಡುಗೆಮನೆಯ ಬಿಸಿ ಅಳೆಯುವ ಸೆನ್ಸರಿನ ವೈರು ಕೂಸುಗಳ ಕೋಣೆಯ ಜಾಗದಲ್ಲಿತ್ತು. ಒಲೆಗಳ ಬಿಸಿಯನ್ನೇ ಕೂಸುಗಳ ಬಿಸಿಯೆಂದು ನಂಬಿ ಕಂಪ್ಯೂಟರ್ ಅಲ್ಲಿಗೆ ತಣ್ಣನೆ ಗಾಳಿ ನೂಕುತ್ತಿತ್ತು. ವೈರಿಗೆ ಅಂಟಿಸಿದ್ದ ಚೀಟಿಯ ಅಕ್ಷರ ಅವಳದೇ. ವೈರು ಅದಲುಬದಲು ಮಾಡಿದವಳೂ ಅವಳೇ.

“ಸಿಕ್ತಾ?” ಹಿಂದೆ ಬಂದು ನಿಂತಿದ್ದ ಎಲ್ಕಿನ್ ಸ್ಕ್ರೂಡ್ರೈವರ್ ಚಾಚಿದ.

“ನಿಂಗೆ ಗೊತ್ತಿತ್ತಾ?”

“ವೈರಿನ ವಿಷಯ ನಂಗೇನು ಗೊತ್ತು? ಚಳಿ ಇದೆ ಅಂತ ಗೊತ್ತಿತ್ತು. ಹೇಳಿದೆ. ನಾಲ್ಕು ಸಲ.”

“ಗಟ್ಟಿಯಾಗಿ ಹೇಳ್ಬೇಕಿತ್ತು!”

“ನೀವು ಅದಕ್ಕಿಂತ ಗಟ್ಟಿಯಾಗಿ ಕೂಗ್ತಿದ್ರಲ್ಲ.”

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಎರಡನ್ನೂ ನುಂಗಿ ವೈರು ಬದಲಿಸಿದಳು. ಅವನು ಟಾರ್ಚ್ ಹಿಡಿದು ನಿಂತ. ಬೆಳಕು ವೈರಿನ ಮೇಲಿತ್ತು, ನೋಟ ಮಾತ್ರ ಅಲ್ಲಿರಲಿಲ್ಲ.

ಶುಕ್ರವಾರ ಸಭೆಯಲ್ಲಿ ಇಗ್ವಾರಾನ್ ದೂರು ಓದಲು ಬಾಯಿ ತೆರೆದರು.

“ಸರ್, ಅದು ಸುಳ್ಳು,” ಎಂದು ಮಾರೆಲ್ವಿಸ್ ಎದ್ದು ನಿಂತಳು. “ತಪ್ಪು ನಂದು. ವೈರು ಅದಲುಬದಲು ಮಾಡಿದ್ದು ನಾನು. ಮಕ್ಕಳನ್ನ ಬೆಚ್ಚಗಿಟ್ಟಿದ್ದು ಅವ್ರು.”

ಇಗ್ವಾರಾನ್ ದೂರಿನ ಹಾಳೆಯನ್ನು ಮಡಚಿಟ್ಟರು. ಕಾಯಂ ಮಾಡಲಿಲ್ಲ, ಮನೆಗೂ ಕಳಿಸಲಿಲ್ಲ. ಇನ್ನೂ ಮೂರು ತಿಂಗಳು ಪರೀಕ್ಷೆ, ಅದೂ ಇದೇ ಕಟ್ಟಡದಲ್ಲಿ. “ಪ್ರತಿ ಕೋಣೆಗೂ ನೀನೇ ಹೋಗಿ ನಿಂತು ನೋಡಬೇಕು.”

ಹೊರಗೆ ಬೀದಿಯ ಮೂಲೆಯಲ್ಲಿ, ಶರಬತ್ತು ಮಾರುವವಳ ಗಾಡಿಯ ಬಳಿ, ಎಲ್ಕಿನ್ ಎರಡು ಲೋಟ ಕೊರೊಸೊ ಎಂಬ ಕೆಂಪು ಹಣ್ಣಿನ ಶರಬತ್ತು ಹಿಡಿದು ಕಾಯುತ್ತಿದ್ದ. ಅವನ ತುಟಿಗೆಲ್ಲ ಕೆಂಪು ಬಳಿದುಕೊಂಡಿತ್ತು.

“ನಿಮ್ಮ ಹತ್ರ ಒಂದು ಮಾತು,” ಎಂದ ಒಂದು ಲೋಟ ಅವಳ ಕೈಗಿಟ್ಟು. ಆಮೇಲೆ ಪಂಪಿನ ಬೇರಿಂಗ್ ಬಗ್ಗೆ ಹೇಳಿದ. ಅದು ಸವೆದಿದೆ ಎಂದ. ಹೊಸದು ತರಿಸಬೇಕೆಂದ. ಬೇರಿಂಗ್ ಮುಗಿಯಿತು, ಬೆಲ್ಟ್ ಶುರುವಾಯಿತು.

“ಎಲ್ಕಿನ್!” ಶರಬತ್ತು ಅವಳ ಶರ್ಟಿನ ಮೇಲೆ ತುಳುಕಿತು. “ಆ ಬೆಲ್ಟ್ ಹಾಳಾಗಿ ಹೋಗ್ಲಿ! ನಂಗೆ ನೀನಂದ್ರೆ ಇಷ್ಟ. ಬರೀ ಕೋಪ ಅಂದ್ಕೊಂಡಿದ್ದೆ. ಭಾನುವಾರ ರಜದ ದಿನ ನೀನು ಎದುರಿಗಿಲ್ದಾಗ್ಲೂ ಕೋಪ ಬರ್ತಿತ್ತು, ಆಗ್ಲೇ ಅರ್ಥ ಆಗ್ಬೇಕಿತ್ತು!”

ಶರಬತ್ತಿನವಳು ಸೌಟು ಹಿಡಿದವಳು ಹಾಗೇ ನಿಂತಳು. ಎಲ್ಕಿನ್‌ನ ಕಿವಿಗಳು ಶರಬತ್ತಿಗಿಂತ ಕೆಂಪಾದವು.

“ಇಷ್ಟು ಹೇಳೋಕೆ ಇಷ್ಟೊಂದು ಬೈಬೇಕಿತ್ತಾ?”

“ನೀನು ಬಾಯಿ ಬಿಟ್ಟಿದ್ರೆ ನಾನ್ಯಾಕೆ ಬೈತಿದ್ದೆ?”

ಅವನು ಲೋಟ ಕೆಳಗಿಟ್ಟ. ಗ್ರೀಸ್ ಅಂಟಿದ ಕೈಯನ್ನು ಪ್ಯಾಂಟಿಗೆ ಎರಡು ಸಲ ಒರೆಸಿಕೊಂಡು, ಆಮೇಲೆ ಮೆಲ್ಲಗೆ ಅವಳ ಬೆರಳುಗಳನ್ನು ಹಿಡಿದ.

“ಈ ಭಾನುವಾರ ನಮ್ಮಮ್ಮ ಮೀನಿನ ಸಾರು ಮಾಡ್ತಾಳೆ,” ಎಂದ. “ಬರ್ತೀಯಾ?”

ಮೊದಲ ಸಲ ‘ಬರ್ತೀರಾ’ ಅನ್ನಲಿಲ್ಲ ಅವನು. ಆರು ವಾರದಲ್ಲಿ ಮೊದಲ ಸಲ ಅವಳೂ ಎದುರು ಮಾತಾಡದೆ ‘ಬರ್ತೀನಿ’ ಎಂದಳು.