ಇಂಜಿನ್ ತಣ್ಣಗಿದ್ದಾಗ ಬನ್ನಿ

ಬಾನೆಟ್ ಮೇಲೆ ಕೈಯಿಟ್ಟೆ. ಸುಡುತ್ತಿತ್ತು.

"ಈಗಷ್ಟೇ ಸ್ಟಾರ್ಟ್ ಮಾಡಿದ್ರಾ?"

"ಇಲ್ಲ... ಹಾಂ, ಸ್ವಲ್ಪ," ಎಂದ ಅವನು. ಹೆಸರು ಇಂದ್ರೇಶ್ ಎಂದು ಷಡಕ್ಷರಪ್ಪ ಮಾವ ದಾರಿಯಲ್ಲೇ ಹೇಳಿದ್ದರು. ಎತ್ತರದ ಆಳು, ಮೊಣಕೈವರೆಗೂ ಗ್ರೀಸು.

ನನಗೆ ಮೈಯೆಲ್ಲ ಉರಿದುಹೋಯಿತು. ಹಳೇ ಟ್ರ್ಯಾಕ್ಟರ್ ಮಾರುವವರ ಈ ಆಟ ನನಗೆ ಹೊಸದಲ್ಲ. ಕೊಳ್ಳುವವರು ಬರುವ ಮೊದಲೇ ಇಂಜಿನ್ ಬಿಸಿ ಮಾಡಿಟ್ಟರೆ, ಅವರೆದುರಿಗೆ ಕೀ ತಿರುಗಿಸಿದ ಕೂಡಲೇ ಗುರ್ರ್ ಎನ್ನುತ್ತದೆ. ಮನೆಗೆ ತಂದ ಮೇಲೆ, ಬೆಳಿಗ್ಗೆ ತಣ್ಣಗಿರುವಾಗ, ಕೆಮ್ಮಿ ಕೆಮ್ಮಿ ಮಲಗುತ್ತದೆ. ಅರಸೀಕೆರೆಯಲ್ಲಿ ಒಬ್ಬ ಹೀಗೇ ನನ್ನನ್ನು ಮಂಗ ಮಾಡಲು ನೋಡಿದ್ದ.

"ಹೆಣ್ಣುಮಗಳು, ಇವಳಿಗೇನು ಗೊತ್ತಾಗುತ್ತೆ ಅಂದ್ಕೊಂಡ್ರಾ?"

"ಅಮ್ಮ ಹೇಳಿದ್ರು ರೀ. ಬಂದವರ ಮುಂದೆ ಕೈಕೊಟ್ರೆ ಮರ್ಯಾದೆ ಹೋಗುತ್ತೆ, ಮೊದ್ಲೇ ಸ್ಟಾರ್ಟ್ ಮಾಡಿಟ್ಟಿರು ಅಂತ. ನಾನು ಮಾಡಬಾರದಿತ್ತು. ತಪ್ಪಾಯ್ತು."

ಹೇಳುವಾಗ ನನ್ನ ಕಣ್ಣನ್ನೇ ನೋಡಿದ. ಸಿಕ್ಕಿಬಿದ್ದವರು ಹಾಗೆ ನೋಡುವುದಿಲ್ಲ. ನಾನೇ ಕಣ್ಣು ತಪ್ಪಿಸಿ ಟೈರು ನೋಡತೊಡಗಿದೆ.

ಗಾಡಿ ಮುದ್ದಾಗಿತ್ತು, ಅದೇ ತೊಂದರೆ. ಅವನ ಅಜ್ಜನ ಕಾಲದ ಪುಟ್ಟ ಟ್ರ್ಯಾಕ್ಟರ್. ಗೆಂಡೆಹಳ್ಳಿಯ ನಮ್ಮ ತೆಂಗಿನ ಸಾಲುಗಳ ನಡುವೆ ಸಲೀಸಾಗಿ ತಿರುಗುವಷ್ಟು ಚಿಕ್ಕದು. ಈಗಿನ ದೊಡ್ಡ ಗಾಡಿಗಳು ಗರಿ ಮುರಿದು, ಬೇರು ಕಿತ್ತು ಹೋಗುತ್ತವೆ. ಅವೂ ಬಾಡಿಗೆಗೆ ಸಿಗುವಷ್ಟರಲ್ಲಿ ಮಳೆಯ ಹದ ಆರಿರುತ್ತದೆ. ಹೋದ ವರ್ಷ ರಾಗಿ ಬಿತ್ತನೆ ಹೀಗೇ ಕೈತಪ್ಪಿತ್ತು. ಅಪ್ಪ ತೀರಿಕೊಂಡ ಮೇಲೆ ಹೊಲ ನೋಡುವವಳು ನಾನೇ. ಈ ವರ್ಷವೂ ತಪ್ಪಿದರೆ ಹೊಲವನ್ನು ಬೇರೆಯವರಿಗೆ ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲಿನ ಕರಾರಿಗೆ, ಕೊಟ್ಟುಬಿಡುವುದೆಂದು ಮಾವ ಅಮ್ಮನನ್ನು ಒಪ್ಪಿಸಿಯೂ ಆಗಿತ್ತು.

ಅಷ್ಟರಲ್ಲಿ ಅವನ ತಾಯಿ ಸುಮಿತ್ರಮ್ಮ ಇಸ್ತ್ರಿ ಮಾಡಿದ ಶರ್ಟ್ ಹಿಡಿದು ಓಡಿಬಂದರು.

"ಅಯ್ಯೋ, ಈ ಅವತಾರದಲ್ಲಿ ನಿಂತಿದ್ದೀಯಲ್ಲೋ! ಹೋಗಿ ಇದನ್ನ ಹಾಕ್ಕೊಂಡ್ ಬಾ. ಬಾವ್ವಾ ಪ್ರತಿಮಾ, ಕೇಸರಿಬಾತ್ ಆರೋಗ್ತೈತೆ."

ಟ್ರ್ಯಾಕ್ಟರ್ ನೋಡಲು ಬಂದವರಿಗೆ ಯಾರಾದರೂ ಕೇಸರಿಬಾತ್ ಮಾಡುತ್ತಾರೆಯೇ? ಜೊತೆಗೆ ಒಳಗಿಂದ ಉಪ್ಪಿಟ್ಟಿನ ಘಮ ಬೇರೆ! ಮಾವನ ಕಡೆ ತಿರುಗಿದೆ. ಮಾವ ಸೂರಿನ ಹೆಂಚು ನೋಡುತ್ತಿದ್ದರು.

"ಮಾವ, ನಾವು ಏನು ನೋಡೋಕೆ ಬಂದಿದ್ದು? ಇಲ್ಲಾ, ನನ್ನನ್ನೇ ತೋರಿಸೋಕಾ?"

"ಎರಡೂ ಆದಂಗಾಯ್ತು ಬಿಡೇ. ಮದ್ವೆ ಅಂತಾದ್ರೆ ಟ್ರ್ಯಾಕ್ಟರ್ ಹೆಂಗೂ ನಿಂದೇ ತಾನೆ? ಕೊಳ್ಳೋ ಮಾತೆಲ್ಲೈತೆ?"

"ನಾನಿಲ್ಲಿಗೆ ಬಂದ್ರೆ ನಮ್ ಹೊಲ ಉಳೋರು ಯಾರು?"

ಮಾವ ಮತ್ತೆ ಹೆಂಚು ನೋಡಿದರು.

"ಅಮ್ಮಾ!" ಇಂದ್ರೇಶನ ಕಿವಿ ಕೆಂಪಾಗಿತ್ತು. "ಹಳೇ ಗಾಡಿ ಇಷ್ಟಪಡೋರು, ಸುಮ್ನೆ ನೋಡ್ಕೊಂಡ್ ಹೋಗ್ತಾರೆ ಅಂತ ನೀನೇ ಅಂದಿದ್ದೆ!"

"ಅಂದ್ರೆ ಇದು ಮಾರೋಕಲ್ವಾ?" ಎಂದೆ.

"ಅಲ್ಲ ರೀ. ಅಜ್ಜಂದು. ಕೆಟ್ಟು ಮೂಲೇಲಿ ಬಿದ್ದಿತ್ತು, ನಾನೇ ರಿಪೇರಿ ಮಾಡ್ದೆ."

ಅಲ್ಲಿಂದ ಹೊರಟುಬಿಟ್ಟೆ. ಕೇಸರಿಬಾತಿನ ತುಪ್ಪದ ಘಮ ಬೀದಿಯವರೆಗೂ ಹಿಂದೆ ಬಂತು. ಅದರ ಮೇಲೂ ಸಿಟ್ಟು ಬಂತು.

ಊರಿನ ಹಳೇ ಕಲ್ಯಾಣಿ ಕೊಳದ ಹತ್ತಿರ ಅವನು ಓಡಿಬಂದು ಅಡ್ಡ ನಿಂತ.

"ನಿಮ್ಗೆ ಮೋಸ ಆಯ್ತು. ನಂಗೂ ಆಯ್ತು."

"ನಿಮಗೇನ್ರೀ ಆಗಿದ್ದು? ಇಸ್ತ್ರಿ ಶರ್ಟ್ ಸಿಕ್ತು."

ನಕ್ಕುಬಿಟ್ಟ. ನಗಲು ಇವನಿಗೆ ಹೇಳಿದವರು ಯಾರು? ನಗುವಾಗ ಎಡಗೆನ್ನೆಯಲ್ಲಿ ಸಣ್ಣ ಗುಳಿ ಬೀಳುತ್ತಿತ್ತು. ಅದನ್ನು ನಾನೇಕೆ ನೋಡಿದೆನೋ!

"ಗಾಡಿ ಮಾರ್ತೀನಿ. ನಾಳೆ ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಬನ್ನಿ."

"ಕನಿಕರ ಏನೂ ಬೇಕಾಗಿಲ್ಲ."

"ಕನಿಕರ ಅಲ್ಲ ಕಣ್ರೀ. ನಮಗೆ ಬೇರೆ ದೊಡ್ಡದಿದೆ. ಇದನ್ನ ನಾನು ಒರೆಸಿ ಒರೆಸಿ ಇಡ್ತೀನಿ ಅಷ್ಟೇ. ಇದು ಹೊಲ ಉಳಬೇಕು."

ಮಾರನೆಯ ದಿನ ಒಬ್ಬಳೇ ಬಸ್ಸು ಹತ್ತಿದೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಬೇಲೂರು ದಾಟುವಾಗ ಅಕ್ಕಪಕ್ಕದ ಹೊಲಗಳಲ್ಲಿ ಆಗಲೇ ಉಳುಮೆ ನಡೆದಿತ್ತು.

ಇಂದ್ರೇಶನ ಊರು ಹುಲಿಕೆರೆ ತಲುಪಿದಾಗ ಗಾಡಿ ಅಂಗಳದಲ್ಲೇ ನಿಂತಿತ್ತು. ರಾತ್ರಿಯ ಮಳೆಹನಿಗಳು ಬಾನೆಟ್ ಮೇಲೆ ಹಾಗೇ ಕೂತಿದ್ದವು. ಯಾರೂ ಮುಟ್ಟಿರಲಿಲ್ಲ.

"ಎರಡನೇ ಗೇರ್ ನಿಲ್ಲಲ್ಲ, ಒಮ್ಮೊಮ್ಮೆ ಹಾರುತ್ತೆ," ಎಂದ. "ಹೈಡ್ರಾಲಿಕ್ ಆಯಿಲ್ ಸೋರುತ್ತೆ. ಸೀಟು ಚುಚ್ಚುತ್ತೆ."

"ಇಷ್ಟು ಚೆನ್ನಾಗಿ ವ್ಯಾಪಾರ ಮಾಡೋರನ್ನ ನಾನು ಕಂಡೇ ಇಲ್ಲ."

ಕೀ ತಿರುಗಿಸಿದೆ. ಕೆಮ್ಮಿತು, ನಿಂತಿತು. ಮತ್ತೆ ತಿರುಗಿಸಿದೆ, ಮತ್ತೆ ಕೆಮ್ಮಿತು. ಅವನು ಕೈಕಟ್ಟಿ ಸುಮ್ಮನೆ ನಿಂತಿದ್ದ. ಮುಂದೆ ಬಂದು ಪುಸಲಾಯಿಸಲಿಲ್ಲ, ನೆಪ ಹೇಳಲಿಲ್ಲ. ಕೊನೆಗೆ ಕಪ್ಪು ಹೊಗೆ ಉಗುಳಿ ಗಾಡಿ ಎದ್ದಿತು. ಅದು ನನ್ನ ಮುಂದೆ ಕೆಮ್ಮಲು ಬಿಟ್ಟನಲ್ಲ, ಅಷ್ಟಕ್ಕೇ ನನಗೆ ಅವನು ಹಿಡಿಸಿಬಿಟ್ಟ.

ಅವರ ಹಿತ್ತಲ ಹೊಲದಲ್ಲಿ ಒಂದು ಸಾಲು ಉತ್ತೆ. ಅವನು ಪಕ್ಕದಲ್ಲೇ ನಡೆದುಬಂದ. ಬದುವಿನ ಬಳಿ ತಿರುಗಿಸಿ ನಿಲ್ಲಿಸಿದಾಗ, ಮಡ್‌ಗಾರ್ಡಿನ ಮೇಲೆ ಅವನ ಕೈ ಇತ್ತು. ಬಿಟ್ಟುಕೊಡುವುದು ಅವನಿಗೆ ಸುಲಭವಿರಲಿಲ್ಲ.

"ತಗೋತೀನಿ. ನ್ಯಾಯವಾದ ಬೆಲೆಗೆ, ಆರ್‌ಸಿ ನನ್ನ ಹೆಸರಿಗೆ," ಎಂದೆ.

"ಆಗಲಿ."

"ಇನ್ನೇನಾದ್ರೂ ಹೇಳೋದಿದ್ಯಾ?"

"ಇದೆ. ಈಗ ಹೇಳಿದ್ರೆ ಗಾಡಿ ಜೊತೆ ಗಂಟು ಹಾಕ್ದಂಗಾಗುತ್ತೆ. ಮೊದ್ಲು ಅದು ನಿಮ್ಮದಾಗಲಿ."

ನಿನ್ನೆಯಿಂದ ಎದೆಯಲ್ಲಿ ಕುದಿಯುತ್ತಿದ್ದದ್ದು ಆ ಮಾತಿಗೆ ಇಳಿಯಿತು. ಆದರೆ ನಾನೇಕೆ ತೋರಿಸಲಿ?

"ಮದುವೆ ಆದ್ರೂ ನನ್ನ ಹೊಲ ನಾನೇ ಉಳೋದು. ವಾರಕ್ಕೆ ಕೊಡಲ್ಲ."

"ಬೇಲೂರು ಮೇಲೆ ಬಸ್ಸಿದೆಯಲ್ರೀ. ನಾನೂ ಬತ್ತೀನಿ, ಬಿತ್ತೋಕೆ ಆಳು ಬೇಡ್ವಾ?" ಎಂದವನು ನಾಲಗೆ ಕಚ್ಚಿಕೊಂಡ. ಆಮೇಲೆ ಹೇಳಬೇಕಾಗಿದ್ದು ಈಗಲೇ ಜಾರಿತ್ತು. ಗುಳಿ ಬಿತ್ತು. ಈ ಸಲ ಕಣ್ಣು ತಪ್ಪಿಸಲಿಲ್ಲ.

"ಹಾಗಾದ್ರೆ ಆರ್‌ಸಿ ಆದ ಮೇಲೆ ಗೆಂಡೆಹಳ್ಳಿಗೆ ಬನ್ನಿ. ಉಪ್ಪಿಟ್ಟು, ಕೇಸರಿಬಾತ್ ನಾವು ಮಾಡ್ತೀವಿ. ನಾನು ನಿಮ್ಮನ್ನ ನೋಡ್ಬೇಕು."

"ಇಸ್ತ್ರಿ ಶರ್ಟ್ ಹಾಕ್ಕೊಂಡ್ ಬರ್ಲಾ?"

"ಬೇಡ," ಎಂದೆ. "ಸ್ಪ್ಯಾನರ್ ತಗೊಂಡ್ ಬನ್ನಿ. ಎರಡನೇ ಗೇರ್ ಹಾರುತ್ತೆ."